ಅರ್ಧ ಸಾಹೇಬರು

ಈಗ ಹಡಗಿನಿಂದ ಏನು ಬೇಕಾದರೂ ಬಂದಿಳಿಯುತ್ತದೆ, ಕೇಳುವವರಿಲ್ಲ. ಆಗ ಕೇಳಲೆಂದೇ ಆಮದು ಪರವಾನಗಿ ಕಚೇರಿಯಲ್ಲಿ ಒಬ್ಬರು ಕೂತಿರುತ್ತಿದ್ದರು. ಯಾವ ಅರ್ಜಿ ಕೊಟ್ಟರೂ ಕೆಂಪು ಪೆನ್ಸಿಲಿನಿಂದ ಅರ್ಧಕ್ಕೆ ಇಳಿಸುತ್ತಿದ್ದುದರಿಂದ ನಾವು ವ್ಯಾಪಾರಸ್ಥರು ಅವರಿಗೆ ಅರ್ಧ ಸಾಹೇಬರೆಂದು ಹೆಸರಿಟ್ಟಿದ್ದೆವು. ನಾವು ಬೇಕಾದದ್ದರ ಎರಡರಷ್ಟು ಬರೆಯುತ್ತಿದ್ದೆವು, ಅದು ಅವರಿಗೂ ಗೊತ್ತಿತ್ತು. "ಸರ್ಕಾರ ಗಳಿಸೋದಕ್ಕಿಂತ ಹೆಚ್ಚು ಖರ್ಚು ಮಾಡುತ್ತೆ, ಅದೊಂದು ತೂತು. ದೇಶ ಮಾರೋದಕ್ಕಿಂತ ಹೆಚ್ಚು ಕೊಳ್ಳುತ್ತೆ, ಅದು ಇನ್ನೊಂದು. ಮೊದಲನೇದನ್ನ ಮಂತ್ರಿಗಳು ನೋಡ್ಕೋತಾರೆ, ಎರಡನೇದಕ್ಕೆ ನಾನು ಅಡ್ಡ ಕೂತಿದ್ದೀನಿ ಕಣ್ರೀ" ಎನ್ನುತ್ತಿದ್ದರು. ಆಮೇಲೆ ಅರ್ಜಿಯ ಜೊತೆ ಮಾದರಿಗೆಂದು ಕೊಟ್ಟ ಹೊಲಿಗೆ ಯಂತ್ರದ ಸೂಜಿಯನ್ನು ಬೆಳಕಿಗೆ ಹಿಡಿದು, "ಇದಿಲ್ಲದೆ ದೇಶ ಬದುಕಲ್ವಾ?" ಎಂದು ಕೇಳುತ್ತಿದ್ದರು. ಅವರಿಗೆ ಕಿವಿ ಮಂದ, ಶ್ರವಣಯಂತ್ರ ಹಾಕುತ್ತಿದ್ದರು. ಅದರ ಬ್ಯಾಟರಿ ತರಿಸುವವನು ಊರಿಗೆಲ್ಲ ನಾನೊಬ್ಬನೇ. ತಮ್ಮ ಕಿವಿಗಾದರೂ ಕತ್ತರಿ ಹಾಕಲಾರರೆಂದು ನಂಬಿ ಒಂದು ವರ್ಷ ಬೇಕಾದಷ್ಟನ್ನೇ ಬರೆದೆ. ನಾನು ನಿಜ ಬರೆದದ್ದು ಅದೇ ಮೊದಲು, ಅದೇ ಕೊನೆ. ಅವರು ತಲೆಯೆತ್ತದೆ ಅರ್ಧ ಮಾಡಿ ಸಹಿ ಹಾಕಿದರು. ಬ್ಯಾಟರಿ ಎಲ್ಲರಿಗೂ ಸಾಲದೆ ಹೋಯಿತು. ಮುಂದಿನ ಸಲ ಕಚೇರಿಗೆ ಹೋದಾಗ ಅವರ ಕಿವಿ ಬರಿದಾಗಿತ್ತು, ಯಂತ್ರ ಅಂಗಿಯ ಜೇಬಿನಲ್ಲಿತ್ತು. "ಹಾಕ್ಕೊಳ್ಳಿ ಸಾಹೇಬ್ರೇ" ಎಂದು ಸನ್ನೆ ಮಾಡಿದೆ. "ನಿಮ್ಮ ಗೋಳು ನನಗೆ ಬಾಯಿಪಾಠ, ಅದಕ್ಕ್ಯಾಕೆ ಬ್ಯಾಟರಿ ದಂಡ?" ಎಂದು ನಕ್ಕರು. ಆಮೇಲೆ ಗುಟ್ಟು ಹೇಳುವವರಂತೆ ನನ್ನತ್ತ ಬಾಗಿ, ಇಡೀ ಕಚೇರಿಗೆ ಕೇಳುವಷ್ಟು ಗಟ್ಟಿಯಾಗಿ, "ಸಂಜೆ ಮೊಮ್ಮಗಳು ಹಾಡ್ತಾಳೆ, ಆಗ ಹಾಕ್ಕೋತೀನಿ" ಎಂದರು.