ಗೋಗಿಯಿಂದ ತಂದ ಕಾಯಿಲ್

ಆಗ ಶಹಾಪುರದ ನಮ್ಮ ಓಣಿಯಲ್ಲಿ ಗ್ಯಾಸ್ ಒಲೆ ಕಂಡವರು ಬೆರಳೆಣಿಕೆಯಷ್ಟು. ಉಳಿದವರದು ಕಟ್ಟಿಗೆ ಒಲೆ, ಅವಸರಕ್ಕೆ ಒಂದು ಕಾಯಿಲ್ ಒಲೆ. ತಗಡಿನ ಕಾಲುಗಳ ಮೇಲೆ ಬಿಳಿ ಮಣ್ಣಿನ ದಪ್ಪ ಪ್ಲೇಟು, ಅದರ ಸುರುಳಿ ಸಂದಿನಲ್ಲಿ ಸ್ಪ್ರಿಂಗಿನಂಥ ತಂತಿ. ಸ್ವಿಚ್ ಹಾಕಿದರೆ ತಂತಿ ಮೆಲ್ಲಗೆ ಕೆಂಪಾಗಿ, ಹಿಂದಿನ ದಿನ ಉಕ್ಕಿದ ಹಾಲಿನ ಕಮಟು ವಾಸನೆ ಮನೆಯೆಲ್ಲ ಹರಡುತ್ತಿತ್ತು. ನಿಮ್ಮ ಮನೆಯಲ್ಲೂ ಒಂದು ಇದ್ದಿರಬಹುದು. ಇದ್ದರೆ, ಅನ್ನ ಅರ್ಧ ಬೆಂದಾಗಲೇ ಅದರ ತಂತಿ ಹರಿಯುತ್ತಿದ್ದುದೂ ನೆನಪಿರಬಹುದು.

ಹಾಗೆ ಹರಿದವೆಲ್ಲ ನಮ್ಮ ಅಪ್ಪನ ಹತ್ತಿರ ಬರುತ್ತಿದ್ದವು. ಬಸ್‌ಸ್ಟ್ಯಾಂಡಿನ ಹಿಂದಿನ ಡಬ್ಬಾ ಅಂಗಡಿಯಲ್ಲಿ ಕೂತು ಅಪ್ಪ ಸೈಕಲ್ ಕಡ್ಡಿಗೆ ತಂತಿ ಸುತ್ತಿ ಕಾಯಿಲ್ ಮಾಡುತ್ತಿದ್ದ. ಕೆಟ್ಟ ತುಂಡುಗಳು ನನ್ನ ಪಾಲು. ಅವನ್ನು ಬಗ್ಗಿಸಿ ಬಳೆ ಮಾಡಿ ತೊಟ್ಟು, ಕಿವಿಗೆ ಸಿಕ್ಕಿಸಿ, ಗೆಳತಿಯರ ನಡುವೆ ಗೌಡಶಾನಿಯ ಹಾಗೆ ಮೆರೆಯುತ್ತಿದ್ದೆ.

ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತದ್ದನ್ನಷ್ಟೇ ಅಪ್ಪ ತಂತಿ ಎನ್ನುತ್ತಿದ್ದ. ಅದು ಹೈದರಾಬಾದಿನಿಂದ ಬರುತ್ತಿತ್ತು. "ಇದು ಕಾದಾಗ ತನ್ನ ಮೈಮ್ಯಾಲ ತಾನ ಒಂದು ಪೊರಿ ಕಟ್ಕೊಂತದ. ಅದಕ್ಕ ಸುಟ್ರೂ ಸುಡಂಗಿಲ್ಲ," ಎಂದು ಗಿರಾಕಿಗಳಿಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು, ತಂತಿಯನ್ನು ತಾನೇ ಹೆತ್ತವನ ಹಾಗೆ. ಆದರೆ ನನಗೆ ಹನ್ನೊಂದಾದ ವರ್ಷ ಆ ಮಾಲು ಬರುವುದು ನಿಂತಿತ್ತು. ಸಿಕ್ಕಿದ್ದು ಬರೀ ಕಳಪೆ ತಂತಿ. ಕಾದಾಗ ಉಳ್ಳಾಗಡ್ಡಿಯ ಹಾಗೆ ಸಿಪ್ಪೆ ಬಿಟ್ಟು ನಾಲ್ಕು ದಿನಕ್ಕೆ ಹರಿಯುತ್ತಿತ್ತು. ಹರಿದದ್ದನ್ನು ತಿರುವಿ ಕೂಡಿಸಿದರೆ ಮತ್ತೆ ಉರಿಯುತ್ತದೆ ನಿಜ, ಆದರೆ ಕೂಡಿಸಿದಷ್ಟೂ ತಂತಿ ಗಿಡ್ಡವಾಗುತ್ತದೆ, ಗಿಡ್ಡವಾದಷ್ಟೂ ಹೆಚ್ಚು ಕಾಯುತ್ತದೆ, ಹೆಚ್ಚು ಕಾದಷ್ಟೂ ಬೇಗ ಹರಿಯುತ್ತದೆ. "ನಿನ್ನ ಕಾಯಿಲ್ ಬ್ಯಾಳಿ ಬೇಯೋತನಕಾನೂ ಬಾಳಂಗಿಲ್ಲಲ್ಲೋ ತಮ್ಮಾ," ಎಂದು ಹೆಂಗಸರು ಅಂಗಡಿ ಮುಂದೆ ನಿಂತು ಚೇಷ್ಟೆ ಮಾಡುತ್ತಿದ್ದರು. ಅಪ್ಪ ತಲೆ ತಗ್ಗಿಸುತ್ತಿದ್ದ.

ಆ ಚಳಿಗಾಲದಲ್ಲೇ ಅವ್ವನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ನನಗೆ ತಮ್ಮ ಹುಟ್ಟಿದ. ಅಪ್ಪನ ಅಂಗೈಯಲ್ಲಿ ತಲೆ ಇಟ್ಟರೆ ಕಾಲು ಮೊಣಕೈ ಮುಟ್ಟದಷ್ಟು ಸಣ್ಣವನು. ಯಾದಗಿರಿಯ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಅಲ್ಲಿಯ ಸಿಸ್ಟರ್ ಹೇಳಿದ್ದಳು: "ಎದಿಗೆ ಅವಚಿಕೊಂಡ ಇರ್ರಿ, ಕೋಣಿ ಬೆಚ್ಚಗಿಡ್ರಿ. ಹೊಗಿ ಮಾತ್ರ ಬ್ಯಾಡ್ರಿ, ಕೂಸಿನ ಎದಿ ಇನ್ನ ಬಲಿತಿಲ್ಲ."

ಅಪ್ಪನ ತಾಯಿ, ನಮ್ಮ ಆಯಿಗೆ ಇದು ಅವಮಾನವೇ ಆಯಿತು. "ಏಳು ಮಕ್ಳನ್ನ ಹೊಗ್ಯಾಗ ಬೆಳೆಸೀನಿ ನಾ. ಈಗಿನ ಕೂಸುಗಳು ಗಾಜಿನವೇನು?" ಎಂದು ಗೊಣಗಿದಳು. ಆದರೂ ಬಾಣಂತಿಗೆ ಕಾಸಲು ಇಟ್ಟಿದ್ದ ಕೆಂಡದ ಬುಟ್ಟಿಯನ್ನು ಅಂಗಳಕ್ಕೆ ಸಾಗಿಸಿದಳು. ಬಾಣಂತಿ ಕೋಣೆಯ ಮೂಲೆಯಲ್ಲಿ ಅಪ್ಪ ಕಾಯಿಲ್ ಒಲೆ ಹಚ್ಚಿಟ್ಟ. ಕೋಣೆಯಲ್ಲಿ ಅಜವಾನದ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ, ಅವ್ವನಿಗೆಂದು ಮಾಡಿದ ಬೆಳ್ಳುಳ್ಳಿ ಸಾರಿನ ವಾಸನೆ. ನಾನು ಬಾಗಿಲಲ್ಲೇ ಕೂತು ಸಜ್ಜಿ ರೊಟ್ಟಿ ಪುಂಡಿಪಲ್ಯ ತಿನ್ನುತ್ತ ತಮ್ಮನನ್ನು ನೋಡುತ್ತಿದ್ದೆ. ಬೆರಳು ಕೊಟ್ಟರೆ ಬಿಗಿಯಾಗಿ ಹಿಡಿಯುತ್ತಿದ್ದ. ಒಂದು ವಾರ ನಾನು ಆಟಕ್ಕೇ ಹೋಗಲಿಲ್ಲ.

ಎರಡನೇ ವಾರ ಅವ್ವನಿಗೆ ಜ್ವರ ಬಂತು. ಅವಳೇ ಗಡಗಡ ನಡುಗುತ್ತಿದ್ದಳು, ಕೂಸನ್ನು ಯಾವ ಎದೆಗೆ ಅವಚಿಕೊಳ್ಳಬೇಕು? ಆಯಿ ಅವನನ್ನು ತನ್ನ ಕುಪ್ಪಸದೊಳಗೆ ಇಟ್ಟುಕೊಂಡು ಕೂತಳು. ಅಂಗಳದಲ್ಲಿ ಇಟ್ಟಿಗೆ ಕಾಸಿ ಅರಿವೆಯಲ್ಲಿ ಸುತ್ತಿ ತಂದರೆ ಮೊದಲು ಸುಡುತ್ತಿತ್ತು, ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತಿತ್ತು. ಕಾಯಿಲ್ ದಿನಕ್ಕೆ ಮೂರು ಸಲ ಹರಿಯತೊಡಗಿತು. ಒಂದು ಮುಂಜಾನೆ ಅಪ್ಪ ಕೂಡಿಸಿದ ತಂತಿ ಕೆಂಪು ದಾಟಿ ಬೆಳ್ಳಗೆ ಉರಿಯಿತು, ನಾವು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಪಟ್ಟೆಂದಿತು. ಹೊರಗೆ ಕೊರೆಯುವ ಗಾಳಿ. ಆಯಿ ಕೂಸಿನ ಪಾದ ಮುಟ್ಟಿ ನೋಡಿ, "ತಣ್ಣಗಾಗ್ಯಾವಲ್ಲೋ. ಹಾಲೂ ಚೀಪವಲ್ಲ," ಎಂದಳು.

ಊರಿನ ಅಂಗಡಿಗಳಲ್ಲೆಲ್ಲ ಅದೇ ಕಳಪೆ ತಂತಿ. ಅಪ್ಪ ಎರಡೂ ಕೈ ತಲೆಗೆ ಹಚ್ಚಿ ಕೂತವನು ಫಕ್ಕನೆ ಎದ್ದ. "ಗೋಗಿ ಮೆಹಬೂಬಿ ಮನ್ಯಾಗ ಒಂದು ಕಾಯಿಲ್ ಅದ. ಅಸಲಿ ತಂತಿದು. ನಾನ ಸುತ್ತಿ ಕೊಟ್ಟಿದ್ದೆ, ಇನ್ನೂ ಉರಿಯಾಕತ್ತದ." ಮೆಹಬೂಬಿ ಎಂದರೆ ಪಕ್ಕದ ಊರು ಗೋಗಿಯಲ್ಲಿ ಮಿರ್ಚಿ ಬಜ್ಜಿ ಮಾರುವವಳು. ಹೊಗೆಗೆ ದಮ್ಮು ಏಳುತ್ತದೆಂದು ಕರೆಂಟ್ ಒಲೆಯಲ್ಲೇ ಕರಿಯುತ್ತಿದ್ದಳು. ಕೂಸನ್ನು ಯಾದಗಿರಿ ಆಸ್ಪತ್ರೆಗೆ ಒಯ್ಯಬೇಕಾದರೆ ಬೇಕೆಂದು ಅಪ್ಪ ಜೀಪು ಹುಡುಕಲು ಹೋಗಬೇಕಿತ್ತು. ಹೀಗಾಗಿ ಹನ್ನೊಂದು ವರ್ಷದ ನಾನು ಗೋಗಿಗೆ ಹೊರಟೆ.

ಟಂಟಂ ಆಟೋಗೆ ಹತ್ತಿಸುವಾಗ ಅಪ್ಪ ನನ್ನ ಗದ್ದ ಹಿಡಿದು ಹೇಳಿದ: "ಪ್ಲೇಟ್ ಸಮೇತ ತಗೊಂಡು ಬಾ. ಕಾಯಿಲ್‌ಗೆ ಕೈ ಹಚ್ಚಬ್ಯಾಡ. ತಿಳೀತಿಲ್ಲ?"

"ಹೂಂ ಅಪ್ಪಾ."

ಮೆಹಬೂಬಿ ಎಣ್ಣೆಗೆ ಬಜ್ಜಿ ಬಿಟ್ಟಿದ್ದಳು. ನಾನು ಅಳುತ್ತಲೇ ಸುದ್ದಿ ಹೇಳಿದೆ. ಆಕೆ ಸ್ವಿಚ್ ಆರಿಸಿ, ಬುರುಗು ಏಳುತ್ತಿದ್ದ ಬಾಣಲೆ ಕೆಳಗಿಳಿಸಿದಳು. "ತಗೊಂಡು ಹೋಗ್ ಬೇಟಿ. ಬಜ್ಜಿ ಏನು ಇವತ್ತಿಲ್ಲ ಅಂದ್ರ ನಾಳಿ ಆಗ್ತಾವ. ತಡಿ, ಪ್ಲೇಟ್ ಭಾಳ ಸುಡ್ತದ. ಗೋಣಿಚೀಲ ತೋಯಿಸಿ ತರ್ತೀನಿ, ಸುತ್ತಿ ಕೊಡ್ತೀನಿ," ಎಂದು ಒಳಗೆ ಹೋದಳು.

ತಂತಿ ಆಗಲೇ ಕಪ್ಪಾಗಿತ್ತು. ಲಂಗದ ತುದಿಯಿಂದ ಒಂದು ಸುತ್ತು ಮೇಲೆತ್ತಿ ನೋಡಿದೆ, ಗಾಳಿಗೆ ತಟ್ಟನೆ ಆರಿತು. ಪ್ಲೇಟ್ ಮಾತ್ರ ಕೆಂಡ. ರಸ್ತೆಯಲ್ಲಿ ಶಹಾಪುರಕ್ಕೆ ಹೊರಟ ಟಂಟಂದವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ, ಅದು ಹೋದರೆ ಇನ್ನೊಂದು ಯಾವಾಗಲೋ. ಕೂಸಿನ ತಣ್ಣನೆ ಪಾದ ಕಣ್ಣ ಮುಂದೆ ಬಂತು. ಮಿರ್ಚಿ ಸೀಳುವ ಚಾಕುವಿನಿಂದ ಎರಡೂ ತುದಿಯ ಸ್ಕ್ರೂ ಬಿಚ್ಚಿ, ಸಂದಿನಿಂದ ಕಾಯಿಲ್ ಎಬ್ಬಿಸಿದೆ. ಇಡಿಯಾಗಿಯೇ ಬಂತು. ಪೇಪರಿನಲ್ಲಿ ಸುತ್ತಿಕೊಂಡು ಓಡಿದೆ. ಎಂಥ ಜಾಣೆ ನಾನು ಎಂದೂ ಅಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಊರು ದಾಟುವ ಮೊದಲೇ ಗಾಡಿ ತಗ್ಗಿಗೆ ಇಳಿದು ಎಗರಿತು. ಮಡಿಲಲ್ಲಿ ಹಪ್ಪಳ ಮುರಿದಂಥ ಸದ್ದು. ಇನ್ನೊಂದು ತಗ್ಗು, ಇನ್ನೊಂದು ಸದ್ದು. ಬಿಚ್ಚಿ ನೋಡಲು ಧೈರ್ಯ ಬರಲಿಲ್ಲ. ಶಹಾಪುರದವರೆಗೂ ಆ ಪೇಪರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಕೂತಿದ್ದೆ. ಕೈ ಸೋತು ಮರಗಟ್ಟಿದವು.

ಅಪ್ಪ ಪೇಪರ್ ಬಿಚ್ಚಿದಾಗ ಐದು ತುಂಡು. ಎಷ್ಟೇ ಗಟ್ಟಿ ತಂತಿಯಾದರೂ ವರ್ಷಗಟ್ಟಲೆ ಕಾದರೆ ಒಳಗೊಳಗೇ ಪೆಡಸಾಗಿರುತ್ತದೆ. ಇದ್ದಲ್ಲೇ ಇದ್ದರೆ ಇನ್ನೂ ಹತ್ತು ವರ್ಷ ಉರಿಯುತ್ತದೆ, ಜಾಗ ಬಿಡಿಸಿದರೆ ಮುಗಿಯಿತು. ಇದು ನನಗೆ ಆಗ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಅವನು ಇಕ್ಕಳ ಹಿಡಿದು ತುಂಡುಗಳನ್ನು ಕೂಡಿಸಲು ನೋಡಿದ. ತಿರುವಿದಲ್ಲೆಲ್ಲ ಮುರಿಯಿತು.

ಅವ್ವ ಹೊದಿಕೆಯೊಳಗಿಂದಲೇ ಕೇಳಿದಳು. "ಪ್ಲೇಟ್ ಎಲ್ಲಿ? ಬರೇ ತಂತಿ ಯಾಕ ತಂದಾಳ ಆಕಿ?"

ಅಪ್ಪ ನನ್ನ ಕಡೆ ನೋಡಲಿಲ್ಲ.

"ನಾನ ಹೇಳಿದ್ದೆ, ಬಿಚ್ಚಿ ತಾ ಅಂತ," ಎಂದ. "ಬುದ್ಧಿಗೇಡಿ ನಾ."

ಮಧ್ಯಾಹ್ನ ಜೀಪು ಬಂತು. ಆಯಿ ಕೂಸನ್ನು ಎದೆಯೊಳಗೆ ಇಟ್ಟುಕೊಂಡು, ಮೇಲೆ ಎರಡು ಕೌದಿ ಹೊದ್ದು ಕೂತಳು. ನಾನು ಆಕೆಯ ಬೆನ್ನಿಗೆ ಅಂಟಿಕೊಂಡಿದ್ದೆ, ನನ್ನ ಮೈಯ ಬಿಸಿ ಆಕೆಯ ಮೂಲಕವಾದರೂ ಅವನಿಗೆ ಮುಟ್ಟಲಿ ಎಂದು. ದೇವರಲ್ಲಿ ಬೇಡಿಕೊಳ್ಳಲೂ ನನಗೆ ಹೆದರಿಕೆ, ನನ್ನ ತಪ್ಪು ಅವನಿಗೆ ಗೊತ್ತಿತ್ತಲ್ಲ. ಯಾದಗಿರಿಗೆ ಮೊದಲು ಸಿಗುವ ಭೀಮಾ ಸೇತುವೆಯನ್ನು ನಾವಿನ್ನೂ ಮುಟ್ಟಿರಲಿಲ್ಲ. ಆಯಿ ಕೌದಿಯೊಳಗೆ ಕೈ ಹಾಕಿ ನೋಡಿದಳು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡಿದಳು. ಆಮೇಲೆ ಡ್ರೈವರನಿಗೆ, "ಹಿಂದಕ್ಕ ತಿರುಗಿಸಪ್ಪಾ," ಎಂದಳು.

ಈಗ ನಾನು ಯಾದಗಿರಿಯಲ್ಲಿದ್ದೇನೆ. ಕಾಯಿಲ್ ಒಲೆ ಎಂದರೆ ನನ್ನ ಮಕ್ಕಳಿಗೆ ಗೊತ್ತೇ ಇಲ್ಲ. ತಂತಿ ಸುತ್ತುವವರೂ ಇಲ್ಲ, ಕೆಟ್ಟರೆ ಹೊಸದು ತರುತ್ತಾರೆ. ಉರಿಯುವ ಒಲೆ ಆರಿಸಿ ಬೇರೆಯವರ ಕೂಸಿಗೆ ಕೊಟ್ಟ ಮೆಹಬೂಬಿ ಇಲ್ಲ, ಆಯಿ ಇಲ್ಲ. ಆ ಕಾಯಿಲ್ ಇಡಿಯಾಗಿ ಬಂದಿದ್ದರೂ ತಮ್ಮ ಉಳಿಯುತ್ತಿರಲಿಲ್ಲವೇನೋ. ಹಾಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಸಮಾಧಾನ ಸಿಕ್ಕಿಲ್ಲ.

ಮದುವೆಗೆ ಮೊದಲು ಒಮ್ಮೆ ಅಪ್ಪನಿಗೆ, "ಅವ್ವಗ ಖರೇ ಹೇಳಿಬಿಡ್ತೀನಿ," ಎಂದಿದ್ದೆ. ಅಪ್ಪ ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. "ಸುಮ್ಮನಿರು. ಆಕಿ ಸಿಟ್ಟಿಗೆ ಒಬ್ರು ಬೇಕು. ನಾ ಇದ್ದೀನಲ್ಲ," ಎಂದ.

ಅವನು ಹೋಗಿ ಆರು ವರ್ಷವಾಯಿತು. ಅವ್ವ ನನ್ನ ಜೊತೆಗೇ ಇದ್ದಾಳೆ. ಚಳಿ ಬಿದ್ದಾಗೊಮ್ಮೆ ಮಂಚದ ಮೇಲೆ ಕೂತು, ಗೋಡೆಯ ಮೇಲಿನ ಅಪ್ಪನ ಫೋಟೋ ನೋಡುತ್ತ ಅದೇ ಮಾತು ಆಡುತ್ತಾಳೆ: "ಜನ್ಮವೆಲ್ಲ ತಂತಿ ಕೆಲಸ ಮಾಡಿದ. ಒಂದು ಹುಡುಗಿಗೆ ಸರಿಯಾಗಿ ಹೇಳಿ ಕಳಸಾಕ ಬರಲಿಲ್ಲ ಅವಗ."

ಮೊನ್ನೆಯೂ ಅಂದಳು. ನಾನು ಹೂಂ ಅಂದೆ.