ಅಮುಕ ಗೋತ್ರದ ಎಕ್ಸ್

ಫೋರ್ಟ್‌ನ ನಮ್ಮ ಆಫೀಸಿನಲ್ಲಿ ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದನ್ನು ‘ಫಂಕ್ಷನಲ್’ ಎಂಬ ಬಗೆಯ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವುದೆಂದು ತೀರ್ಮಾನವಾಯಿತು. ಶುಕ್ರವಾರದ ಪರೀಕ್ಷೆಯಲ್ಲಿ ಪಾಸಾದವರು ಹೊಸ ಟೀಮಿಗೆ, ಉಳಿದವರು ಮನೆಗೆ. ನಲವತ್ತೈದು ದಾಟಿದವಳನ್ನು ಆಮೇಲೆ ಯಾರು ಕರೆದು ಕೆಲಸ ಕೊಡುತ್ತಾರೆ?

ಆ ವಾರವಿಡೀ ಡೊಂಬಿವಲಿಯ ಲೋಕಲ್ ರೈಲಿನಲ್ಲಿ ಜೋತುಬಿದ್ದು ಮೊಬೈಲಿನಲ್ಲಿ ಉದಾಹರಣೆಗಳನ್ನು ಓದುತ್ತಿದ್ದೆ. ಯಾವ ಪುಟ ತೆರೆದರೂ ಅದೇ: ಪಟ್ಟಿಯ ಮೊದಲನೆಯ ಅಂಶಕ್ಕೆ ‘ಎಕ್ಸ್’ ಎಂಬ ಗುರುತು, ಮಿಕ್ಕಿದ್ದಕ್ಕೆಲ್ಲ ‘ಎಕ್ಸ್‌ಎಸ್’. ಬರೆದ ಪುಣ್ಯಾತ್ಮರಿಗೆ ಬೇರೆ ಅಕ್ಷರವೇ ಗೊತ್ತಿಲ್ಲವೇ ಎಂದು ಸಿಟ್ಟು ಬಂತು. ಕೊನೆಗೆ, ಇದು ಭಾಷೆಯ ಕಟ್ಟಳೆಯೇ ಇರಬೇಕು, ಮುಟ್ಟಬಾರದು ಎಂದುಕೊಂಡು ಹಾಗೇ ಉರು ಹೊಡೆದೆ.

ಶುಕ್ರವಾರ ಟೀಮ್ ಲೀಡ್ ಎದುರು ಕೂತಳು. ನನಗಿಂತ ಎಷ್ಟೋ ಚಿಕ್ಕವಳು, ಮರಾಠಿಯವಳು. ಎರಡು ಪಟ್ಟಿ ಕೊಟ್ಟು, ಅದರಿಂದ ಒಂದು ಇದರಿಂದ ಒಂದು ತೆಗೆದು ಬೆರೆಸಿ ಎಂದಳು. ಪಟ್ಟಿ ಖಾಲಿಯಾದರೆ ಏನು ಮಾಡಬೇಕೆಂಬ ಸಾಲುಗಳು ಬಾಯಿಪಾಠವಿದ್ದವು, ಬರೆದೆ. ಮುಂದಿನ ಸಾಲಿನಲ್ಲಿ ಮೊದಲ ಪಟ್ಟಿಗೂ ಎಕ್ಸ್, ಎಕ್ಸ್‌ಎಸ್ ಬರೆದೆ, ಎರಡನೆಯದಕ್ಕೂ ಅದನ್ನೇ ಬರೆದೆ. ಪರದೆಯಲ್ಲಿ ತಪ್ಪು ಎಂದು ಕೆಂಪು ಅಕ್ಷರಗಳು ಮೂಡಿದವು. ಅಳಿಸಿ ಮತ್ತೆ ಅದನ್ನೇ ಬರೆದೆ, ಮತ್ತೆ ಕೆಂಪು.

“ಮ್ಯಾಡಮ್, ಟೈಮ್ ಹೋ ರಹಾ ಹೈ,” ಎಂದು ಗಡಿಯಾರ ತೋರಿಸಿದಳು.

ನನಗೇನು ಕಣ್ಣಿಲ್ಲವಾ ತಾಯಿ ಎಂದು ಮನಸ್ಸಿನಲ್ಲೇ ಬೈದು, ಕೆಂಪು ಅಕ್ಷರಗಳನ್ನು ಮೊದಲ ಸಲ ಸರಿಯಾಗಿ ಓದಿದೆ. ಒಂದೇ ಹೆಸರು ಎರಡು ಸಲ ಬಂದಿದೆ ಎಂದಿತ್ತು. ಹೆಸರಂತೆ! ಎಕ್ಸ್ ಯಾವಾಗ ಹೆಸರಾಯಿತು?

ಆಗ ನಮ್ಮ ಮನೆಯ ಚೌತಿ ನೆನಪಾಯಿತು. ಭಟ್ಟರು ಸಿಗದೆ, ಗಂಡ ಮೊಬೈಲ್ ನೋಡಿಕೊಂಡು ತಾವೇ ಸಂಕಲ್ಪ ಹೇಳಿದ್ದರು: “ಅಮುಕ ಗೋತ್ರೋದ್ಭವಸ್ಯ, ಅಮುಕ ನಾಮಧೇಯಸ್ಯ...” ಒಳಗಿದ್ದ ಅತ್ತೆ ಸೌಟು ಹಿಡಿದೇ ಓಡಿ ಬಂದಿದ್ದರು.

“ಅಯ್ಯೋ ಮಾರಾಯ, ಅಮುಕ ಯಾರು? ಪಕ್ಕದ ಬಿಲ್ಡಿಂಗಿನವನಾ? ಅಲ್ಲಿ ನಮ್ಮ ಗೋತ್ರ, ನಿನ್ನ ಹೆಸರು ಹೇಳ್ಬೇಕು! ಪೂಜೆ ಯಾರದ್ದೂಂತ ಗಣಪತಿಗೆ ಗೊತ್ತಾಗುದು ಬೇಡ್ವಾ?”

ಅಂದು ಹೊಟ್ಟೆ ಹಿಡಿದುಕೊಂಡು ನಕ್ಕವಳು ನಾನು. ಈಗ ವಾರವಿಡೀ ನಾನೂ ಅಮುಕ, ಅಮುಕ ಎಂದೇ ಜಪಿಸಿದ್ದೆ! ಎಕ್ಸ್ ಎಂದಿದ್ದ ಜಾಗಕ್ಕೆ ನಮಗೆ ಬೇಕಾದ ಹೆಸರು ಹಾಕಬೇಕಿತ್ತು. ಎಲ್ಲ ಅಳಿಸಿದೆ. ಮೊದಲ ಪಟ್ಟಿಯ ಮೊದಲನೆಯದಕ್ಕೆ ‘ಅತ್ತೆ’, ಮಿಕ್ಕಿದ್ದಕ್ಕೆ ‘ಅತ್ತೆಕಡೆ’. ಎರಡನೆಯದಕ್ಕೆ ‘ಸೊಸೆ’, ‘ಸೊಸೆಕಡೆ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಬಟನ್ ಒತ್ತಿದೆ. ಎರಡು ಪಟ್ಟಿ ಒಂದಾಗಿ ಹೊರಬಂದವು.

ಲೀಡ್ ಪರದೆಗೆ ಬಗ್ಗಿ ನೋಡಿದಳು. “ಯೇ ಅತ್ತೆ ಕೌನ್ ಹೈ?”

“ಮೇರಿ ಸಾಸ್.”

ಅವಳು ನಕ್ಕಳು. ಸೋಮವಾರದಿಂದ ಹೊಸ ಟೀಮಿಗೆ ಬನ್ನಿ ಎಂದಳು.

ಸ್ಟೇಷನ್ನಿನ ಗದ್ದಲದಲ್ಲಿ ನಿಂತೇ ಮನೆಗೆ ಫೋನ್ ಮಾಡಿದೆ. “ಅತ್ತೆ, ನಿಮ್ಮ ಹೆಸರು ಹಾಕಿ ಪಾಸಾದೆ! ಕೆಲಸ ಉಳೀತು!”

“ಹೌದಾ! ದೇವರು ದೊಡ್ಡವ,” ಎಂದವರು ಕೂಡಲೇ ಕೇಳಿದರು: “ಗೋತ್ರ ಸರಿಯಾಗಿ ಹೇಳಿದ್ಯಾ?”

“ಹೇಳಿದೆ ಅತ್ತೆ,” ಎನ್ನುವಷ್ಟರಲ್ಲಿ ವಾರವಿಡೀ ತಡೆದಿಟ್ಟಿದ್ದ ಅಳು ಒತ್ತರಿಸಿ ಬಂತು.