ಸುಮ್ಮನೆ ಕುಳಿತಿದ್ದ ಎಡಗಣ್ಣು

ಆಗ ನಮ್ಮ ಕಂಪ್ಲಿಯ ಓಣಿಯಲ್ಲಿ ಮಕ್ಕಳಿಗೆ ಸ್ವಂತ ಮನೆ ಬೇಕಾಗುತ್ತಿದ್ದುದು ಮಲಗುವುದಕ್ಕಷ್ಟೇ. ಯಾರ ಮನೆಯಲ್ಲಿ ಒಗ್ಗರಣೆ ಮಂಡಕ್ಕಿಯ ವಾಸನೆ ಎದ್ದರೆ ಆ ಸಂಜೆ ನಾವೆಲ್ಲ ಅಲ್ಲಿ. ಅಪ್ಪನ ಅಕ್ಕಿ ಗಿರಣಿ ಮನೆಗೆ ಅಂಟಿಕೊಂಡೇ ಇದ್ದುದರಿಂದ ನಮ್ಮ ಬಟ್ಟೆ, ತಲೆ, ಹಾಸಿಗೆ ಎಲ್ಲವೂ ತೌಡಿನ ವಾಸನೆ ಹೊಡೆಯುತ್ತಿದ್ದವು.

ನನ್ನ ಎಡಗಣ್ಣು ಸದಾ ಮೂಗಿನ ಕಡೆ ಸರಿದು ನಿಂತಿರುತ್ತಿತ್ತು. ಹುಡುಗರು ಮೆಳ್ಳಿ ಎಂದು ಕರೆದರೆ ಅಜ್ಜಿ ಅವರನ್ನು ಓಣಿಯ ಕೊನೆಯವರೆಗೂ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಅವಳ ಪಾಲಿಗೆ ಅದು ಅದೃಷ್ಟದ ಕಣ್ಣು. ನಾನು ಹುಟ್ಟಿದ ವರ್ಷವೇ ಗಿರಣಿಗೆ ಹೊಸ ಮಷೀನು ಬಂದಿತ್ತು. ಅಜ್ಜಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ನಾನಿನ್ನೂ ಒಂದನೇ ಕ್ಲಾಸಿನಲ್ಲಿದ್ದೆ. ದೀಪಾವಳಿಯ ಎಣ್ಣೆಸ್ನಾನದ ದಿನ ಸೀಗೇಪುಡಿ ನನ್ನ ಬಲಗಣ್ಣಿಗೆ ಬಿತ್ತು. ಉರಿ ತಾಳದೆ ಅದನ್ನು ಬಿಗಿಯಾಗಿ ಮುಚ್ಚಿಕೊಂಡು, ಎದುರಿಗೇ ಇದ್ದ ನೀರಿನ ಚೊಂಬಿಗಾಗಿ ಗಾಳಿಯಲ್ಲಿ ಕೈಯಾಡಿಸಿದೆ. ಅವ್ವನಿಗೆ ಅನುಮಾನ ಬಂತು. ಎಡಗಣ್ಣು ತೆರೆದೇ ಇತ್ತಲ್ಲ. ತಲೆ ಒರೆಸಿ ಬೆಳಕಿಗೆ ಕರೆತಂದಳು. ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿ, ಬೆರಳು ಎಷ್ಟಿವೆ ಹೇಳು ಎಂದಳು.

“ಎಲ್ಲಾ ಕೂಡಿಕೊಂಡಾವ,” ಎಂದೆ ನಾನು.

ಹಬ್ಬದ ಹೋಳಿಗೆಯನ್ನು ಅವ್ವ ಆ ದಿನ ಮುಟ್ಟಲಿಲ್ಲ. ಹೊಸಪೇಟೆಯ ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದು ಅವಳು ಹೇಳಿದಾಗ ಅಜ್ಜಿ ಸುತರಾಂ ಒಪ್ಪಲಿಲ್ಲ. ದೊಡ್ಡವಳಾದ ಮೇಲೆ ತಾನೇ ಸರಿಹೋಗುತ್ತದೆ, ಹೋಗದಿದ್ದರೂ ಮನೆಗೆ ಒಳ್ಳೆಯದೇ ಎಂಬುದು ಅವಳ ವಾದ. ಅತ್ತೆಯ ಎದುರು ಎಂದೂ ದನಿಯೆತ್ತದ ಅವ್ವ ಅಂದು ನಿಧಾನವಾಗಿ ಹೇಳಿದಳು, “ಅದೃಷ್ಟ ಇರಲಿ ಬಿಡ್ರಿ ಅತ್ತಿ. ಅಕಿಗೆ ಕಣ್ಣು ಕಾಣಬೇಕಲ್ರಿ.”

ಹೊಸಪೇಟೆಯ ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿದರು, ಗೊಂಬೆ ತೋರಿಸಿ ಆಟವಾಡಿಸಿದರು, ಕಣ್ಣಿಗೆ ಔಷಧಿ ಹಾಕಿ ಮತ್ತೆ ನೋಡಿದರು. ಆಮೇಲೆ ಅಪ್ಪನಿಗೆ ಅಪ್ಪನ ಭಾಷೆಯಲ್ಲೇ ಹೇಳಿದರು: “ಬಲಗಣ್ಣು ದುಡೀತೈತಿ ಅಂತ ಎಡಗಣ್ಣು ಸುಮ್ನ ಕುಂತುಬಿಟ್ಟೈತಿ. ಹಿಂಗ ಬಿಟ್ರ ನೋಡೋದನ್ನ ಪೂರಾ ಮರೀತೈತಿ. ದುಡಿಯೋ ಕಣ್ಣಿಗೆ ದಿನಾ ಒಂದಿಷ್ಟು ಹೊತ್ತು ರಜಾ ಕೊಡ್ರಿ.” ವಯಸ್ಸು ಇನ್ನೂ ಚಿಕ್ಕದು, ಬೇಗ ಬಂದಿದ್ದೇ ಒಳ್ಳೆಯದಾಯಿತು ಎಂದರು.

ದಪ್ಪ ಕನ್ನಡಕ ಬಂತು. ಅದರ ಒಳಗೆ ಬಲಗಣ್ಣಿಗೆ ಅಂಟಿಸುವ ಪಟ್ಟಿಯೂ ಬಂತು. ಕಾಣುವ ಕಣ್ಣನ್ನೇ ಮುಚ್ಚುವ ಡಾಕ್ಟರನ್ನು ತಾನು ಏಳೂರಲ್ಲಿ ಕಂಡಿಲ್ಲ ಎಂದು ಅಜ್ಜಿ ಅನ್ನ ಬಿಟ್ಟು ಕುಳಿತಳು. ನಾನೋ, ಹೊಸ್ತಿಲು ಎಡವುತ್ತ, ಪಲ್ಯದ ಬದಲು ಉಪ್ಪಿನಕಾಯಿಗೆ ಕೈ ಹಾಕುತ್ತ ಅತ್ತು ರಂಪ ಮಾಡಿದೆ. ಒಂದು ಮಧ್ಯಾಹ್ನ ಅಜ್ಜಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ನಾನು ಪಕ್ಕ ಕುಳಿತು ಮೊರದೊಳಗೆ ಕೈಯಿಟ್ಟೆ. ಕಲ್ಲು ಯಾವುದು, ಅಕ್ಕಿ ಯಾವುದು ಒಂದೂ ತಿಳಿಯದೆ ಸುಮ್ಮನೆ ಸವರುತ್ತಿದ್ದೆ. ಅಜ್ಜಿ ಬಹಳ ಹೊತ್ತು ನನ್ನ ಬೆರಳುಗಳನ್ನೇ ನೋಡಿದಳು.

“ಇಷ್ಟು ಸೈತ ಕಾಣವಲ್ದೇನ ನನ್ನ ಕೂಸಿಗೆ?”

ಆ ದಿನದಿಂದ ಪಟ್ಟಿಯ ಕಾವಲು ಅಜ್ಜಿಯದಾಯಿತು. ಓಣಿಗೆಲ್ಲ ಹುಕುಂ ಹೋಯಿತು. ನಾನು ಚೌಕಾಬಾರ ಆಡುವಾಗ ಮೆಲ್ಲಗೆ ಕನ್ನಡಕ ಎತ್ತಿದರೂ ಸಾಕು, ಮೆಳ್ಳಿ ಎಂದು ಕೂಗುತ್ತಿದ್ದ ಹುಡುಗರೇ “ಅಜ್ಜಿ, ಗಿರಿಜಾ ಪಟ್ಟಿ ಕಿತ್ತಾಳ್ರೀ” ಎಂದು ಓಡುತ್ತಿದ್ದರು. ದೂರು ತಂದವರಿಗೆ ಶೇಂಗಾ ಉಂಡೆ ಸಿಗುತ್ತಿತ್ತು. ಉಂಡೆಯ ಆಸೆಗೆ ಸುಳ್ಳು ದೂರುಗಳೂ ಬಂದವು. ಒಮ್ಮೆ ನಾನೇ ನನ್ನ ಮೇಲೆ ದೂರು ಹೇಳಿ ಒಂದು ಉಂಡೆ ಗಿಟ್ಟಿಸಿದೆ. ದಿನಾ ಮೊರ ಎದುರಿಗೆ ಬರುತ್ತಿತ್ತು. ಮೊದಲು ದೊಡ್ಡ ಕಲ್ಲು ಕಂಡವು, ಆಮೇಲೆ ನೆಲ್ಲು, ಬೇಸಿಗೆಯ ಹೊತ್ತಿಗೆ ನುಸಿಯ ಕಾಲೂ ಕಂಡವು.

ನೋಟ ಬಂದರೂ ಕಣ್ಣಿನ ಓರೆ ಪೂರ್ತಿ ಹೋಗಿರಲಿಲ್ಲ. ಮುಂದಿನ ವರ್ಷ ಆಪರೇಷನ್ ಆಯಿತು. ಕಣ್ಣಿಗೆ ಕತ್ತರಿ ಹಾಕುತ್ತಾರೆಂದು ಹೆದರಿದ ಅಜ್ಜಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಜಪ ಮಾಡುತ್ತ ಕುಳಿತಿದ್ದಳಂತೆ. ಬ್ಯಾಂಡೇಜು ಬಿಚ್ಚಿದ ಬೆಳಿಗ್ಗೆ ಒಳಗೆ ಬಂದು ನನ್ನ ಗದ್ದ ಹಿಡಿದಳು. ಕಣ್ಣು ಕೆಂಪಗೆ ಊದಿತ್ತು, ಆದರೆ ಎರಡೂ ಕಣ್ಣುಗಳು ನೇರವಾಗಿ ಅವಳ ಮುಖವನ್ನೇ ನೋಡುತ್ತಿದ್ದವು. ಸೆರಗಿನಿಂದ ನನ್ನ ಕಣ್ಣು ಒರೆಸಲು ಹೋಗಿ ನರ್ಸಮ್ಮನಿಂದ ಬೈಸಿಕೊಂಡಳು. ಆ ವರ್ಷ ಗಿರಣಿ ಎಂದಿನಂತೆಯೇ ನಡೆಯಿತು.

ಈಗ ತಮ್ಮನ ಮಗಳಿಗೂ ಅದೇ ಓರೆ. ಹೊಸಪೇಟೆಯ ಅಪಾರ್ಟ್‌ಮೆಂಟಿನಲ್ಲಿರುವ ಅವರು ಮೂರು ವರ್ಷಕ್ಕೇ ಗುರುತಿಸಿ ತೋರಿಸಿದರು. ಚಿಟ್ಟೆಯ ಚಿತ್ರವಿರುವ ಚೆಂದದ ಪಟ್ಟಿ ಬಂದಿದೆ, ಕಣ್ಣೂ ಸುಧಾರಿಸುತ್ತಿದೆ. ಮೊನ್ನೆ ಹೋದಾಗ ಮಗು ಪಟ್ಟಿ ಹಾಕಿಕೊಂಡು ಮೊಬೈಲ್ ಎದುರು ಜಾಣೆಯಂತೆ ಕುಳಿತಿತ್ತು. ನಾನು ನೋಡುತ್ತಿರುವಾಗಲೇ ಮೆಲ್ಲಗೆ ಅದನ್ನು ಕಿತ್ತು ದಿಂಬಿನಡಿ ಸೇರಿಸಿತು. ಬಾಗಿಲು ತೆರೆದು ಹೊರಗೆ ನೋಡಿದೆ. ಸಾಲಾಗಿ ಮುಚ್ಚಿದ ಬಾಗಿಲುಗಳು. ದೂರು ಹೇಳಲು ಒಂದು ಮಗುವೂ ಓಡಿ ಬರಲಿಲ್ಲ.